ನುಡಿಗಳ ಸೇವಕರಾದ ಕಿಟ್ಟೆಲ್ ಪಾದ್ರಿಗಳು

ಕರ್ತನು ಹೇಳಿದ ತಲಾಂತುಗಳ ಸಾಮ್ಯವು ನಮ್ಮೆಲ್ಲರಿಗೂ ತಿಳಿದದ್ದೇ. ಒಂದೇ ತಲಾಂತನ್ನು ಹೊಂದಿದ ಆಳು ಅದನ್ನು ನೆಲದಲ್ಲಿ ಹೂಣಿಟ್ಟನು. ಸಭೆಯಲ್ಲಿ ಕೂತು ಈ ಸಾಮ್ಯವನ್ನು ಕೇಳುವಾಗ ನಾವು ಆ ಆಳನ್ನು ಮನಸ್ಸಿನಲ್ಲೇ ಜರೆಯುತ್ತೇವೆ. ಮನೆಗೆ ಬಂದ ಮೇಲಾದರೋ, ನಾವು ಓದಿದವರಲ್ಲ, ಕೂಲಿನಾಲಿ ಮಾಡಿ ಬದುಕುವವರು, ನಮ್ಮಲ್ಲಿ ಏನು ತಾನೇ ಇದೆ ಎಂದು ಹೇಳಿಕೊಂಡು ನಾವೂ ಅದೇ ಕೆಲಸವನ್ನು ಮಾಡುತ್ತೇವೆ. ಇದರಲ್ಲಿ ನಾವು ಗಮನಿಸದೆ ಬಿಡುವ ಒಂದು ಸಂಗತಿಯುಂಟು. ದೇವರು ತನ್ನಲ್ಲಿ ಇಟ್ಟಿರುವ ವರವು ಯಾವದೆಂದು ಮನುಷ್ಯನಿಗೆ ಮೊದಲೇ ತಿಳಿದಿರುವದು ಅಪರೂಪ. ಅವನು ಬೇರೊಬ್ಬರ ಕೊರತೆಯನ್ನು ಕಂಡು ಅದನ್ನು ತೀರಿಸುವದಕ್ಕೆ ಹೊರಟು, ಒಂದು ಬಾಗಿಲು ಮುಚ್ಚಿದರೆ ಮತ್ತೊಂದನ್ನು ತಟ್ಟುತ್ತಾ ಹೋಗುವಾಗಲೇ ಆ ವರವು ಹೊರಗೆ ಬರುತ್ತದೆ. ಕನ್ನಡ ನಾಡಿನಲ್ಲಿ ಇದಕ್ಕೆ ದೊಡ್ಡ ನಿದರ್ಶನವಾಗಿರುವವರು ಫರ್ಡಿನಾಂಡ್ ಕಿಟ್ಟೆಲ್ ಪಾದ್ರಿಗಳು. ಅವರ ಹೆಸರನ್ನು ಕೇಳದ ಪಾಠಶಾಲೆಯಿಲ್ಲ. ಆದರೆ ಅವರು ನಿಘಂಟನ್ನು ಬರೆದರೆಂಬದನ್ನು ಬಿಟ್ಟರೆ ಅವರ ಜೀವಿತದ ಸಂಗತಿಗಳನ್ನು ಬಲ್ಲವರು ನಮ್ಮ ಹಳ್ಳಿಯ ಸಭೆಗಳಲ್ಲಿ ಕಡಿಮೆ.

ಕಿಟ್ಟೆಲರು 1832ನೆಯ ಇಸವಿ ಏಪ್ರಿಲ್ ತಿಂಗಳ 7ನೆಯ ತಾರೀಖಿನಲ್ಲಿ ಜರ್ಮನಿ ದೇಶದ ವಾಯವ್ಯ ಮೂಲೆಯಲ್ಲಿರುವ ಪೂರ್ವ ಫ್ರೀಸ್‌ಲಾಂಡ್ ಎಂಬ ಸೀಮೆಯ ರೆಸ್ಟರ್‌ಹಾಫೆ ಎಂಬ ಚಿಕ್ಕ ಊರಿನಲ್ಲಿ ಹುಟ್ಟಿದರು. ನಮ್ಮ ದುರ್ಗದ ಸೀಮೆಯಲ್ಲಿ ಎತ್ತ ನೋಡಿದರೂ ಬಂಡೆ, ಗುಡ್ಡ, ಕೆಂಪು ನೆಲ. ಮಳೆ ತಪ್ಪಿದರೆ ಕೆರೆ ಒಣಗುತ್ತದೆಂಬ ಭಯ. ಅಲ್ಲಿಯಾದರೋ ಅಂಗೈಯಂತೆ ಸಮನಾದ ಭೂಮಿ. ಸಮುದ್ರವು ಏರಿ ಬಂದು ಹೊಲಗಳನ್ನು ನುಂಗದಂತೆ ಏರಿಗಳನ್ನು ಕಟ್ಟಿ ಕಾಯಬೇಕಾದ ನಾಡು. ತಂದೆಯು ಆ ಸೀಮೆಯ ಸಭಾಪಾಲಕರು. ಆ ಕಾಲದಲ್ಲಿ ಅಲ್ಲಿಯ ಜನರು ಮನೆಯಲ್ಲಿಯೂ ಹೊಲದಲ್ಲಿಯೂ ತಮ್ಮ ಸೀಮೆಯ ಆಡುನುಡಿಯನ್ನು ಆಡುತ್ತಿದ್ದರು. ದೇವಾಲಯದಲ್ಲಿಯೂ ಶಾಲೆಯಲ್ಲಿಯೂ ಗ್ರಂಥದ ಜರ್ಮನ್ ಭಾಷೆಯೇ ನಡೆಯುತ್ತಿತ್ತು. ಆಡುವ ಮಾತು ಒಂದು, ಓದುವ ಮಾತು ಒಂದು ಎಂಬದನ್ನು ಹೀಗೆ ಬಾಲಕನು ಚಿಕ್ಕಂದಿನಿಂದಲೇ ಕಂಡನು. ಔರಿಕ್ ಎಂಬ ಪಟ್ಟಣದ ದೊಡ್ಡ ಶಾಲೆಯಲ್ಲಿ ಓದಿ ಹಳೆಯ ಭಾಷೆಗಳನ್ನು ಚೆನ್ನಾಗಿ ಅಭ್ಯಾಸ ಮಾಡಿದನು. ಇಷ್ಟು ಓದಿದ ಪಾದ್ರಿಯ ಮಗನು ಸ್ವದೇಶದಲ್ಲಿಯೇ ಒಳ್ಳೇ ಉದ್ಯೋಗವನ್ನು ಹೊಂದಿ ಸುಖವಾಗಿರಬಹುದಾಗಿತ್ತು. ಆದರೆ 1850ನೆಯ ಇಸವಿಯಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಸ್ವಿಟ್ಜರ್‌ಲಾಂಡ್ ದೇಶದ ಬಾಸೆಲ್ ಪಟ್ಟಣದಲ್ಲಿದ್ದ ಮಿಶನ್ ಶಾಲೆಯನ್ನು ಸೇರಿದನು.

ಬಾಸೆಲ್ ಮಿಶನಿನವರ ಕೆಲಸವು ನಮ್ಮ ಸೀಮೆಯಲ್ಲಿ ನಡೆದದ್ದಲ್ಲ; ಮೈಸೂರು ಸಂಸ್ಥಾನದಲ್ಲಿ ಸುವಾರ್ತೆಯ ಸೇವೆಯನ್ನು ನಡಿಸಿದವರು ಮುಖ್ಯವಾಗಿ ವೆಸ್ಲಿಯನ್ ಮತ್ತು ಲಂಡನ್ ಮಿಶನಿನವರು. ಆದಕಾರಣ ಬಾಸೆಲಿನವರ ವಿಷಯವಾಗಿ ಒಂದೆರಡು ಮಾತು ಹೇಳುವದು ಉಚಿತ. ಅವರು 1834ನೆಯ ಇಸವಿಯಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡದಲ್ಲಿ ಠಾಣ್ಯವನ್ನು ಮಾಡಿದರು. ಅವರ ಬೋಧಕರಲ್ಲಿ ಬಹಳ ಮಂದಿ ರೈತರ ಮತ್ತು ಕೈಕಸುಬಿನವರ ಮಕ್ಕಳು. ಸಭೆಗೆ ಸೇರಿದವರು ತಮ್ಮ ಜಾತಿಯವರಿಂದ ಹೊರಗಾಗಿ ಜೀವನೋಪಾಯವಿಲ್ಲದೆ ಕಷ್ಟಪಡುವದನ್ನು ಕಂಡು ಅವರು ನೆಯ್ಗೆ, ಅಚ್ಚು, ಹಂಚು ಮುಂತಾದ ಕೆಲಸಗಳನ್ನು ಏರ್ಪಡಿಸಿದರು. ಅಚ್ಚುಕೂಟದ ಕೆಲಸಕ್ಕೆಂದು ಬಂದ ಪ್ಲೆಬ್ಸ್ಟ್ ಎಂಬ ಕುಶಲಿಯು ಮಂಗಳೂರಿನ ಜೇಡಿಮಣ್ಣನ್ನು ಪರೀಕ್ಷಿಸಿ 1865ರಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದನು. ಇಂದು ನಮ್ಮ ಊರುಗಳಲ್ಲಿ ಮಂಗಳೂರು ಹಂಚಿನ ಮಾಡು ಎಲ್ಲಿ ಕಂಡರೂ ಅದರ ಮೂಲವು ಅದೇ. ಇದು ಪ್ರಸಂಗವಶಾತ್ ಬಂದ ಮಾತಾದರೂ ನಮ್ಮ ಕಥೆಗೆ ದೂರವಾದದ್ದಲ್ಲ. ಮಿಶನ್ ಸಂಘವು ಅಚ್ಚಿಗಾಗಿ ಕಳುಹಿಸಿದವನಿಂದ ದೇವರು ಮನೆಗಳಿಗೆ ಮಾಡನ್ನು ಹೊದಿಸಿದನು. ಬೋಧನೆಗಾಗಿ ಕಳುಹಿಸಲ್ಪಟ್ಟ ಕಿಟ್ಟೆಲರ ವಿಷಯದಲ್ಲಿಯೂ ಹಾಗೆಯೇ ಆಯಿತು.

1853ನೆಯ ಇಸವಿಯಲ್ಲಿ ಇಪ್ಪತ್ತೊಂದು ವರುಷದ ಕಿಟ್ಟೆಲರು ಈ ದೇಶಕ್ಕೆ ಬಂದು ಧಾರವಾಡದ ಕಡೆಯಲ್ಲಿ ಕೆಲಸಕ್ಕೆ ನೇಮಕವಾದರು. ಅವರ ಮನಸ್ಸಿನಲ್ಲಿ ಒಂದೇ ವಿಚಾರವು ನಟ್ಟಿತ್ತು. ದೊರೆಗಳಂತೆ ಬಂಗಲೆಯಲ್ಲಿದ್ದು, ಹೊತ್ತಿಗೆ ಸರಿಯಾಗಿ ಊರಿಗೆ ಹೋಗಿ ಪ್ರಸಂಗಮಾಡಿ ಬರುವದರಿಂದ ಈ ಜನರ ಹೃದಯವನ್ನು ಮುಟ್ಟಲಾಗದು. ಈ ದೇಶದವರಿಗೆ ಈ ದೇಶದವನಂತೆಯೇ ಆಗಬೇಕು ಎಂಬದೇ ಆ ವಿಚಾರ. ಅವರು ಕಾಲುನಡಿಗೆಯಿಂದ ಹಳ್ಳಿಹಳ್ಳಿಗೆ ತಿರುಗಿದರು. ಸಾಧ್ಯವಾದಷ್ಟು ಸರಳವಾಗಿ ಜನರ ನಡುವೆ ಇರಲು ಬಯಸಿದರು. ಬೋಧಕರ ವಾಸಸ್ಥಾನದೊಳಗಿನ ಕಟ್ಟುಪಾಡುಗಳು ಅವರಿಗೆ ಬೇಡಿಯಂತೆ ತೋರಿದವು. ಇದೆಲ್ಲಾ ಸಹೋದರ ಬೋಧಕರಿಗೆ ಹಿಡಿಸಲಿಲ್ಲ. ಬಾಸೆಲ್ ಸಂಘದಲ್ಲಿ ಹಿರಿಯರ ಅಪ್ಪಣೆಯೇ ದೊಡ್ಡದು. ಬೋಧಕನು ಮದುವೆಯಾಗಬೇಕಾದರೂ ಸಂಘದ ಅನುಮತಿ ಬೇಕು. ಈ ಯೌವನಸ್ಥನು ತನ್ನ ಮನಸ್ಸಿಗೆ ತೋರಿದಂತೆ ನಡೆಯುತ್ತಾನೆ, ಹಿರಿಯರ ಮಾತಿಗೆ ತಗ್ಗುವದಿಲ್ಲ ಎಂಬ ದೂರು ಹುಟ್ಟಿ, ದೊಡ್ಡ ಮನಸ್ತಾಪಕ್ಕೆ ಕಾರಣವಾಯಿತು.

ಈ ಜಗಳದಲ್ಲಿ ಕಿಟ್ಟೆಲರದೇ ಸರಿ, ಹಿರಿಯರದೆಲ್ಲಾ ತಪ್ಪು ಎಂದು ನಾವು ಬರೆಯಲಾರೆವು. ಅವರು ಹಟಮಾರಿಗಳಾಗಿದ್ದರು; ಜೊತೆಯಲ್ಲಿ ಕೆಲಸಮಾಡುವದಕ್ಕೆ ಸುಲಭರಾದವರಲ್ಲ. ಆದಾಗ್ಯೂ ಅವರ ಹಟವು ತಮ್ಮ ಸುಖಕ್ಕಾಗಿ ಆದದ್ದಲ್ಲವೆಂಬದನ್ನು ಒಪ್ಪಲೇಬೇಕು. ಏನೇ ಇರಲಿ, ಫಲವು ಮಾತ್ರ ಕಾಣಲಿಲ್ಲ. ಅವರ ಬೋಧನೆಯಿಂದ ಜನರು ಗುಂಪುಗುಂಪಾಗಿ ಸಭೆಗೆ ಸೇರಲಿಲ್ಲ. ಅವರಿಗೆ ಪ್ರಿಯವಾಗಿದ್ದ ಹಳ್ಳಿಗಳ ತಿರುಗಾಟವು ನಿಂತಿತು. ಸಂಘದವರು ಅವರನ್ನು ಆ ಸೀಮೆಯಿಂದ ತೆಗೆದು, ಕೆಲವು ವರುಷಗಳ ತರುವಾಯ ಮಂಗಳೂರಿನ ಶಾಲೆಯ ಮತ್ತು ಅಚ್ಚುಕೂಟದ ಕೆಲಸಗಳಲ್ಲಿ ಇರಿಸಿದರು. ಆ ಹೊತ್ತಿನಲ್ಲಿ ಯಾರಾದರೂ ಅವರ ಲೆಕ್ಕವನ್ನು ಬರೆದಿದ್ದರೆ, ಈತನು ಕೆಲಸಕ್ಕೆ ಒದಗದೆ ಹೋದ ಬೋಧಕನೆಂದೇ ಬರೆಯುತ್ತಿದ್ದರು. ಮೂವತ್ತು ವರುಷವೂ ತುಂಬದ ಮನುಷ್ಯನಿಗೆ ಇದಕ್ಕಿಂತ ಕಹಿಯಾದದ್ದು ಯಾವದು?

ಆದರೆ ಹಳ್ಳಿಗಳಲ್ಲಿ ತಿರುಗಿದ ಆ ವರುಷಗಳಲ್ಲಿ ಅವರ ಕಿವಿಯಲ್ಲಿ ಒಂದು ಸಂಪತ್ತು ಸೇರಿಕೊಂಡಿತ್ತು. ರೈತರು ಗದ್ದೆಹೊಲದಲ್ಲಿ ಆಡುವ ಮಾತು, ಹೆಂಗಸರು ಬಾವಿಯ ಬಳಿಯಲ್ಲಿ ಆಡುವ ಮಾತು, ಮುದುಕರು ಕಟ್ಟೆಯ ಮೇಲೆ ಕೂತು ಹೇಳುವ ಗಾದೆ, ಇವುಗಳನ್ನೆಲ್ಲಾ ಅವರು ಕೇಳಿದ್ದರು. ಸುವಾರ್ತೆಯನ್ನು ಈ ಜನರ ನುಡಿಯಲ್ಲಿ ಹೇಳಬೇಕಾದರೆ ಆ ನುಡಿಯ ಬೇರು ಎಲ್ಲಿದೆಯೆಂದು ತಿಳಿಯಬೇಕು. ಬೇರನ್ನು ತಿಳಿಯಬೇಕಾದರೆ ಹಳೆಯ ಗ್ರಂಥಗಳನ್ನು ಓದಬೇಕು. ಹೀಗೆ ಒಂದರಿಂದ ಮತ್ತೊಂದಕ್ಕೆ ಹೋಗಿ, ಪಂಡಿತರ ಸಹಾಯದಿಂದ ಅವರು ಸಂಸ್ಕೃತವನ್ನೂ ಹಳಗನ್ನಡವನ್ನೂ ಕಲಿತರು. ಜೈನರು, ವೀರಶೈವರು, ಬ್ರಾಹ್ಮಣರು ಬರೆದ ಕಾವ್ಯಗಳನ್ನು ಓಲೆಗರಿಗಳಿಂದ ಓದಿದರು. 1862ರಲ್ಲಿ ಯೇಸು ಸ್ವಾಮಿಯ ಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿಯೇ ಕಟ್ಟಿ ಕಥಾಮಾಲೆ ಎಂಬ ಹೆಸರಿನಿಂದ ಪ್ರಕಟಿಸಿದರು. ನಮ್ಮ ಜನರು ಓದುವದಕ್ಕಿಂತ ಹಾಡುವದನ್ನೂ ಕೇಳುವದನ್ನೂ ಹೆಚ್ಚಾಗಿ ಬಲ್ಲವರೆಂದು ಅವರು ಕಂಡುಕೊಂಡಿದ್ದರು. ಪರದೇಶದಿಂದ ಬಂದು ಒಂಬತ್ತು ವರುಷವಾಗುವಷ್ಟರಲ್ಲಿ ಕನ್ನಡದ ಮಾತ್ರೆ ಗಣಗಳನ್ನು ಹಿಡಿದು ಪದ್ಯ ಬರೆಯುವದು ಸಾಮಾನ್ಯ ಕೆಲಸವಲ್ಲ. ಆದರೂ ಅದನ್ನು ಬರೆದದ್ದು ಕವಿಯೆನಿಸಿಕೊಳ್ಳುವದಕ್ಕಲ್ಲ.

ಈ ನಡುವೆ ಮನೆಯಲ್ಲಿ ದುಃಖವು ಬಂತು. 1860ರಲ್ಲಿ ಅವರು ಪೌಲೀನಾ ಎಂಬ ಹೆಂಗಸನ್ನು ಮದುವೆಯಾಗಿದ್ದರು. 1864ರಲ್ಲಿ ಆಕೆ ಚಿಕ್ಕ ಮಕ್ಕಳನ್ನು ಬಿಟ್ಟು ತೀರಿಹೋದಳು. ಕೆಲವು ಕಾಲದ ಮೇಲೆ ಅವರು ಆಕೆಯ ಸಹೋದರಿಯಾದ ಯೂಲಿಯಾಳನ್ನು ಮದುವೆಯಾಗಿ ಪುನಃ ಕೆಲಸಕ್ಕೆ ನಿಂತರು. ಆ ಕಾಲದ ಬೋಧಕರ ಸಮಾಧಿಗಳನ್ನು ಮಂಗಳೂರು, ಧಾರವಾಡ, ಹುಬ್ಬಳ್ಳಿಗಳಲ್ಲಿ ನೋಡಿದವರಿಗೆ ಇಂಥ ಸಂಗತಿಗಳು ಎಷ್ಟು ಮನೆಗಳಲ್ಲಿ ನಡೆದವೆಂದು ಗೊತ್ತು.

ಇನ್ನು ಅವರ ಮುಖ್ಯವಾದ ಕೆಲಸಕ್ಕೆ ಬರೋಣ. ಅವರಿಗಿಂತ ಮೊದಲು ಕನ್ನಡಕ್ಕೆ ನಿಘಂಟು ಇರಲಿಲ್ಲವೆಂದಲ್ಲ. ಲಂಡನ್ ಮಿಶನಿನ ರೀವ್ ಪಾದ್ರಿಗಳು ಬಹಳ ಕಷ್ಟದಿಂದ ಕೂಡಿಸಿದ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ, ಅಂದರೆ ಕಿಟ್ಟೆಲರು ಹುಟ್ಟಿದ ವರುಷದಲ್ಲಿಯೇ, ಮದ್ರಾಸಿನಲ್ಲಿ ಅಚ್ಚಾಯಿತು. ಅದನ್ನು ವೆಸ್ಲಿಯನ್ ಮಿಶನಿನ ಸಾಂಡರ್ಸನ್ ಪಾದ್ರಿಗಳು ತಿದ್ದಿ 1858ರಲ್ಲಿ ಬೆಂಗಳೂರಿನಲ್ಲಿ ತಿರಿಗಿ ಅಚ್ಚುಹಾಕಿಸಿದರು. ಈ ಹಿರಿಯರ ಶ್ರಮವನ್ನು ನಾವು ಮರೆಯಬಾರದು. ಆದರೆ ಹಳಗನ್ನಡದ ಶಬ್ದಗಳೂ ಅವುಗಳ ಮೂಲವೂ ಹಳ್ಳಿಯ ಮಾತುಗಳೂ ಗಾದೆಗಳೂ ಎಲ್ಲಾ ಒಂದೇ ಗ್ರಂಥದಲ್ಲಿ ಸಾಕ್ಷಿಸಹಿತವಾಗಿ ಸಿಕ್ಕುವಂಥ ನಿಘಂಟು ಇನ್ನೂ ಹುಟ್ಟಿರಲಿಲ್ಲ. ಆ ಕೊರತೆಯನ್ನು ತೀರಿಸುವ ಭಾರವು ಕಿಟ್ಟೆಲರ ಮೇಲೆ ಬಂತು.

ಅವರು ಮೊದಲು ಅಡಿಪಾಯವನ್ನು ಹಾಕಿದರು. ಕೇಶಿರಾಜನ ಶಬ್ದಮಣಿದರ್ಪಣವೆಂಬ ಪ್ರಾಚೀನ ವ್ಯಾಕರಣವನ್ನು ಹಲವು ಪ್ರತಿಗಳೊಂದಿಗೆ ಹೋಲಿಸಿ ತಿದ್ದಿ 1872ರಲ್ಲಿ ಪ್ರಕಟಿಸಿದರು. ನಾಗವರ್ಮನ ಛಂದೋಗ್ರಂಥವನ್ನು ಕನ್ನಡ ಸಾಹಿತ್ಯದ ವಿಷಯವಾದ ಒಂದು ಪ್ರಬಂಧದೊಡನೆ 1875ರಲ್ಲಿ ಹೊರತಂದರು. ಈ ವರುಷಗಳಲ್ಲಿ ಅವರು ಕೊಡಗಿನ ಮಡಿಕೇರಿಯಲ್ಲಿಯೂ ಇದ್ದು ಕೆಲಸಮಾಡಿದರು. ಅಲ್ಲಿಂದ ಮುಂದಕ್ಕೆ ಇಪ್ಪತ್ತು ವರುಷಗಳ ಮಟ್ಟಿಗೆ ಅವರ ಆಯುಷ್ಯವು ನಿಘಂಟಿನೊಳಗೇ ಕಳೆಯಿತು.

ನಿಘಂಟನ್ನು ಹೇಗೆ ಮಾಡುತ್ತಾರೆಂದು ಅನೇಕರಿಗೆ ತಿಳಿಯದು. ಮನೆಯಲ್ಲಿ ಕೂತು ನೆನಪಿಗೆ ಬಂದ ಮಾತುಗಳನ್ನು ಬರೆಯುತ್ತಾ ಹೋದರೆ ಆಗುವದಿಲ್ಲ. ಮೊದಲು ಗ್ರಂಥಗಳನ್ನು ಒಂದೊಂದಾಗಿ ಓದಿ, ಪ್ರತಿ ಶಬ್ದವು ಎಲ್ಲೆಲ್ಲಿ ಯಾವ ಅರ್ಥದಲ್ಲಿ ಬಂದಿದೆಯೆಂದು ಗುರುತುಮಾಡಬೇಕು. ಓಲೆಯ ಗ್ರಂಥವನ್ನು ಬರೆದ ಲಿಪಿಕಾರನು ತಪ್ಪಿದ್ದರೆ ಮತ್ತೊಂದು ಪ್ರತಿಯನ್ನು ತರಿಸಿ ನೋಡಬೇಕು. ಬಳಿಕ ಅದೇ ಶಬ್ದವನ್ನು ಬದುಕಿರುವ ಜನರು ಹೇಗೆ ಆಡುತ್ತಾರೆಂದು ವಿಚಾರಿಸಬೇಕು. ತಮಿಳು, ಮಲೆಯಾಳ, ತೆಲುಗು, ತುಳು ಭಾಷೆಗಳಲ್ಲಿ ಅದರ ಅಣ್ಣತಮ್ಮಂದಿರು ಇದ್ದಾರೋ ಎಂದು ಹುಡುಕಬೇಕು. ಇದೆಲ್ಲಾ ಮುಗಿದ ಮೇಲೆ ಅಕ್ಷರಗಳ ಕ್ರಮದಲ್ಲಿ ಅದನ್ನು ಅದರ ಸ್ಥಾನದಲ್ಲಿ ಕೂರಿಸಬೇಕು. ಕಣದಲ್ಲಿ ರಾಶಿಯನ್ನು ತೂರಿ ಜಳ್ಳನ್ನು ಬೇರೆ ಕಾಳನ್ನು ಬೇರೆ ಮಾಡುವವನು ಒಂದು ಸುಗ್ಗಿಯಲ್ಲಿ ಮುಗಿಸುತ್ತಾನೆ. ಇವರಿಗೆ ಇಪ್ಪತ್ತು ಸುಗ್ಗಿಗಳು ಬೇಕಾದವು. ಕಾಳುಗಳಾದರೋ ಸುಮಾರು ಎಪ್ಪತ್ತು ಸಾವಿರ.

ಒಂದು ಚಿಕ್ಕ ಉದಾಹರಣೆಯನ್ನು ಕೊಡುತ್ತೇವೆ. ಈಗ ನಾವು ಬಾಳು ಎಂದರೆ ಬದುಕೆಂದು ಅರ್ಥಮಾಡುತ್ತೇವೆ. ಹಳಗನ್ನಡದಲ್ಲಿ ಬಾಳ್ ಎಂದರೆ ಕತ್ತಿ. ಬಾೞ್ ಎಂದರೆ ಬದುಕು. ೞ ಎಂಬ ಆ ಅಕ್ಷರದ ಉಚ್ಚಾರಣೆಯು ಕಾಲಾಂತರದಲ್ಲಿ ಜನರ ಬಾಯಿಂದ ಹೋಗಿ ಎಲ್ಲವೂ ಳಕಾರವೇ ಆಯಿತು. ಹಾಗೆಯೇ ಅರಿ ಎಂದರೆ ಕತ್ತರಿಸು, ಅಱಿ ಎಂದರೆ ತಿಳಿ. ಇಲ್ಲಿಯೂ ಎರಡು ರೇಫಗಳಿದ್ದದ್ದು ಒಂದಾಗಿ ಹೋಯಿತು. ಕೋಳಿ, ಹಾಳು, ಬಾಳು ಮೊದಲಾದ ನಮ್ಮ ದಿನನಿತ್ಯದ ಮಾತುಗಳಲ್ಲಿ ಅಡಗಿಹೋದ ಆ ಹಳೆಯ ಅಕ್ಷರವನ್ನು ಕಿಟ್ಟೆಲರು ಶಬ್ದಶಬ್ದಕ್ಕೂ ಹುಡುಕಿ ತೋರಿಸಿದರು. ಕತ್ತಿಯನ್ನೂ ಬದುಕನ್ನೂ ಬೇರೆಬೇರೆ ಮಾಡಿದ ಕೆಲಸವು ಪಂಡಿತರಿಗೆ ಮಾತ್ರ ಬೇಕಾದದ್ದೆಂದು ತೋರಬಹುದು. ಆದರೆ ಸತ್ಯವೇದವನ್ನಾಗಲಿ, ಹಳೆಯ ಶಾಸನವನ್ನಾಗಲಿ, ಕಾವ್ಯವನ್ನಾಗಲಿ ಸರಿಯಾಗಿ ತಿಳಿಸಿಕೊಡುವವರಿಗೆ ಇಂಥ ನೆಲಗಟ್ಟು ಬೇಕೇಬೇಕು.

ನಮ್ಮ ಸೀಮೆಯವರು ಆ ಗ್ರಂಥವನ್ನು ತೆರೆದರೆ ಇನ್ನೊಂದು ಸಂಗತಿಯು ಕಣ್ಣಿಗೆ ಬೀಳುತ್ತದೆ. ಗ್ರಂಥಗಳಲ್ಲಿ ದೊರೆಯದೆ ಜನರ ಬಾಯಲ್ಲಿ ಮಾತ್ರ ಇದ್ದ ಶಬ್ದಗಳಿಗೆ, ಇದು ಮೈಸೂರು ಸೀಮೆಯದು, ಇದು ದಕ್ಷಿಣ ಮರಾಟೆ ಸೀಮೆಯದು, ಅಂದರೆ ಧಾರವಾಡದ ಕಡೆಯದು, ಎಂದು ಗುರುತು ಹಾಕಿದ್ದಾರೆ. ಹೊಳಲ್ಕೆರೆ ತಾಲ್ಲೂಕಿನ ಬಿ. ದುರ್ಗ ಹೋಬಳಿಯಂಥ ಸ್ಥಳದಲ್ಲಿ ನಿಂತರೆ ಈ ಎರಡು ಸೀಮೆಗಳ ನುಡಿಯೂ ಕಿವಿಗೆ ಬೀಳುತ್ತದೆ. ತುಂಗಭದ್ರೆಯ ಆಚೆಯಿಂದ ಸೊಸೆಯಾಗಿ ಬಂದವಳ ಮಾತಿಗೆ ಇಲ್ಲಿಯ ಅತ್ತೆಯು ನಗುವದುಂಟು. ನಗಬೇಕಾದ ಕಾರಣವಿಲ್ಲವೆಂದು ಕಿಟ್ಟೆಲರ ಗ್ರಂಥವು ತೋರಿಸುತ್ತದೆ. ಅದರಲ್ಲಿ ಎರಡು ಸೀಮೆಯವರಿಗೂ ಒಂದೇ ಪಂಕ್ತಿಯಲ್ಲಿ ಎಲೆ ಹಾಕಿದೆ. ಕೂರಿಗೆ, ಕುಂಟೆ, ಮೇಟಿ ಮೊದಲಾದ ಒಕ್ಕಲುತನದ ಮಾತುಗಳು ಮಹಾಕವಿಗಳ ಶಬ್ದಗಳ ಪಕ್ಕದಲ್ಲಿಯೇ ಕೂತಿವೆ. ಆ ಮಾತುಗಳನ್ನು ಕೊಟ್ಟ ಒಕ್ಕಲಿಗರೂ ಕುಶಲಗಾರರೂ ಹೆಂಗಸರೂ ಅಕ್ಷರವನ್ನು ಅರಿಯದವರು. ತಮ್ಮ ಬಾಯ ಮಾತಿಗೆ ಇಂಥ ಬೆಲೆಯುಂಟೆಂದು ಅವರಿಗೆ ಗೊತ್ತಿರಲಿಲ್ಲ. ಅವರ ಹೆಸರು ಎಲ್ಲಿಯೂ ಇಲ್ಲ. ತಮ್ಮಲ್ಲಿ ಕೊಡತಕ್ಕದ್ದು ಏನೂ ಇಲ್ಲವೆಂದು ಅವರೂ ನಮ್ಮಂತೆಯೇ ಎಣಿಸಿಕೊಂಡಿದ್ದಿರಬೇಕು.

ಇದರೊಡನೆ ಮತ್ತೊಂದು ವಿಚಾರವನ್ನು ಅವರು ಪೀಠಿಕೆಯಲ್ಲಿ ಎತ್ತಿದರು. ಕನ್ನಡವು ಸಂಸ್ಕೃತದಿಂದ ಬೇಕಾದಷ್ಟು ಶಬ್ದಗಳನ್ನು ತೆಗೆದುಕೊಂಡಿದೆಯೆಂಬದು ಎಲ್ಲರೂ ಬಲ್ಲ ಮಾತು. ಆದರೆ ಸಂಸ್ಕೃತವೂ ಕನ್ನಡ ಮೊದಲಾದ ದ್ರಾವಿಡ ಭಾಷೆಗಳಿಂದ ಶಬ್ದಗಳನ್ನು ತೆಗೆದುಕೊಂಡಿದೆಯೆಂದು ಅವರು ತೋರಿಸಿ, ಅಂಥ ನಾನೂರಕ್ಕೂ ಹೆಚ್ಚು ಶಬ್ದಗಳ ಪಟ್ಟಿಯನ್ನು ಕೊಟ್ಟರು. ಮುಂದೆ ಬಂದ ವಿದ್ವಾಂಸರು ಆ ಪಟ್ಟಿಯಲ್ಲಿ ಕೆಲವನ್ನು ಒಪ್ಪಿದರು, ಕೆಲವನ್ನು ಬಿಟ್ಟರು. ಅದು ವಿದ್ಯೆಯ ಕ್ರಮವೇ ಸರಿ. ಯಾವಾಗಲೂ ಸಾಲಗಾರನೆಂದು ತಲೆತಗ್ಗಿಸಿ ನಿಂತವನ ಬಳಿಯಲ್ಲಿಯೂ ಕೊಟ್ಟ ಲೆಕ್ಕವೊಂದು ಇದೆಯೆಂದು ತೋರಿಸಿದ್ದು ಮಾತ್ರ ನಮ್ಮಂಥವರಿಗೆ ಸಂತೋಷವನ್ನು ಕೊಡುವ ಸಂಗತಿ.

ಶರೀರವು ಈ ಶ್ರಮವನ್ನು ತಾಳಲಿಲ್ಲ. 1877ರಲ್ಲಿ ಆರೋಗ್ಯವು ಕೆಟ್ಟು ಅವರು ಜರ್ಮನಿಗೆ ಹೋಗಬೇಕಾಯಿತು. ಅಲ್ಲಿಯೂ ಕೈಬರಹದ ಕಟ್ಟುಗಳು ಅವರ ಸಂಗಡಲೇ ಇದ್ದವು. ಆದರೆ ಸಂದೇಹ ಬಂದ ಶಬ್ದವನ್ನು ಯಾರ ಬಳಿಯಲ್ಲಿ ಕೇಳುವದು? ಕನ್ನಡದ ನಿಘಂಟನ್ನು ಕನ್ನಡ ಕೇಳಿಸದ ದೇಶದಲ್ಲಿ ಮುಗಿಸಲಾಗದೆಂದು ಕಂಡು, 1883ರಲ್ಲಿ, ಐವತ್ತೊಂದನೆಯ ವಯಸ್ಸಿನಲ್ಲಿ, ಹೆಂಡತಿ ಮಕ್ಕಳನ್ನು ಸ್ವದೇಶದಲ್ಲಿಯೇ ಬಿಟ್ಟು ಒಬ್ಬರೇ ತಿರಿಗಿ ಬಂದರು. ಒಂಬತ್ತು ವರುಷ ಹೀಗೆಯೇ ಕಳೆಯಿತು. ಈ ಸಂಗತಿಯನ್ನು ಸುಮ್ಮನೆ ಹೊಗಳಿಬಿಡುವದಕ್ಕೆ ಮನಸ್ಸು ಒಪ್ಪುವದಿಲ್ಲ. ಆ ಒಂಬತ್ತು ವರುಷ ಮಕ್ಕಳು ತಂದೆಯಿಲ್ಲದಂತೆ ಬೆಳೆದರು, ಹೆಂಡತಿಯು ಗಂಡನಿಲ್ಲದಂತೆ ಮನೆಯನ್ನು ನಡಿಸಿದಳು. ನಿಘಂಟಿನ ಮುಖಪತ್ರದಲ್ಲಿ ಆಕೆಯ ಹೆಸರಿಲ್ಲ. ಆದರೆ ಅದರ ಬೆಲೆಯಲ್ಲಿ ಅರ್ಧವನ್ನು ತೆತ್ತವಳು ಯೂಲಿಯಾಳೇ ಎಂದು ನಮಗೆ ತೋರುತ್ತದೆ.

1892ರ ಹೊತ್ತಿಗೆ ಕಣ್ಣಿನ ಬಲವು ಬಹಳ ಕುಂದಿತು. ಹಗಲೂ ರಾತ್ರಿಯೂ ಸಣ್ಣ ಅಕ್ಷರಗಳನ್ನು ನೋಡಿದ ಕಣ್ಣುಗಳವು. ಅವರು ಈ ದೇಶಕ್ಕೆ ಕೊನೆಯ ವಂದನೆಯನ್ನು ಹೇಳಿ ಹೊರಟುಹೋದರು. ಅದೇ ವರುಷದಲ್ಲಿ ನಮ್ಮ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಬಳಿಯಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳನ್ನು ಲೂಯಿ ರೈಸ್ ದೊರೆಗಳು ಕಂಡುಹಿಡಿದರು. ಅವರೂ ಬೆಂಗಳೂರಿನ ಲಂಡನ್ ಮಿಶನ್ ಪಾದ್ರಿಯೊಬ್ಬರ ಮಗನೇ. ಕಿಟ್ಟೆಲರು ಊರು ಸೇರಿದ ಮೇಲೂ ಕೆಲಸವು ಬಿಡಲಿಲ್ಲ. ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟದಲ್ಲಿ ಒಂದೊಂದು ಮೊಳೆಯನ್ನು ಕೈಯಿಂದಲೇ ಜೋಡಿಸಿ, ಕನ್ನಡದ ಅಕ್ಷರ, ಇಂಗ್ಲಿಷ್ ಅಕ್ಷರ, ಹಳೆಯ ೞಕಾರ ಱಕಾರ, ನಾನಾ ವಿಧವಾದ ಗುರುತು ಇವೆಲ್ಲವನ್ನೂ ತಪ್ಪಿಲ್ಲದೆ ಕೂರಿಸಬೇಕಾಗಿತ್ತು. ಆ ಅಚ್ಚುಕೂಟದ ಕೆಲಸದವರಲ್ಲಿ ಸಭೆಗೆ ಸೇರಿ ಜಾತಿ ಕಸುಬನ್ನು ಕಳಕೊಂಡಿದ್ದ ಮನೆತನಗಳವರಿದ್ದರು. ಅವರ ಬೆರಳುಗಳು ಇಲ್ಲದಿದ್ದರೆ ಗ್ರಂಥವು ಕಟ್ಟುಗಳಲ್ಲಿಯೇ ಉಳಿಯುತ್ತಿತ್ತು. 1893ರಲ್ಲಿ ಟ್ಯೂಬಿಂಗೆನ್ ಪಟ್ಟಣದಲ್ಲಿ ಕಿಟ್ಟೆಲರು ಪೀಠಿಕೆಯನ್ನು ಬರೆದು ಮುಗಿಸಿದರು. 1894ರಲ್ಲಿ 1752 ಪುಟಗಳ ಕನ್ನಡ-ಇಂಗ್ಲಿಷ್ ನಿಘಂಟು ಹೊರಗೆ ಬಂತು. ಕನ್ನಡ ನಾಡಿಗೆ ಮೊದಲು ಕಾಲಿಟ್ಟಾಗ ಇಪ್ಪತ್ತೊಂದು ವರುಷದವರಾಗಿದ್ದ ಆ ಬೋಧಕರಿಗೆ ಆಗ ಅರುವತ್ತೆರಡು.

1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದವರು ಅವರಿಗೆ ಡಾಕ್ಟರ್ ಪದವಿಯನ್ನು ಕೊಟ್ಟು ಸನ್ಮಾನಿಸಿದರು. ಅಷ್ಟರಿಂದ ಅವರು ಸುಮ್ಮನೆ ಕೂರಲಿಲ್ಲ. ಮಂದವಾದ ಕಣ್ಣುಗಳಿಂದಲೇ ಕನ್ನಡದ ಒಂದು ದೊಡ್ಡ ವ್ಯಾಕರಣವನ್ನು ಬರೆದರು. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಟ್ಟಿಗೆ ವಿವರಿಸಿದ ಆ ವ್ಯಾಕರಣವು 1903ರಲ್ಲಿ ಅಚ್ಚಾಗಿ ಹೊರಟಿತು. ಅದೇ ವರುಷದ ಡಿಸೆಂಬರ್ ತಿಂಗಳಲ್ಲಿ, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಅವರು ಕರ್ತನಲ್ಲಿ ನಿದ್ರೆಹೋದರು. ಅವರ ಶರೀರವು ಟ್ಯೂಬಿಂಗೆನಿನಲ್ಲಿ ಹೂಣಲ್ಪಟ್ಟಿದೆ.

ಈ ದೇಶದವರಿಗೆ ಈ ದೇಶದವನಂತೆ ಆಗಬೇಕೆಂಬ ಯೌವನದ ಬಯಕೆಯು ಅವರು ಬದುಕಿದ್ದಾಗ ನೆರವೇರಲಿಲ್ಲವೆಂದೇ ಹೇಳಬೇಕು. ಧಾರವಾಡದ ಹಳ್ಳಿಗಳಲ್ಲಿ ಅವರು ಬಿತ್ತಿದ್ದನ್ನು ಕೊಯ್ಯಲಿಲ್ಲ. ತೀರಿಹೋದ ತರುವಾಯವೇ ಅವರು ನಮ್ಮ ಜನರಲ್ಲಿ ಒಬ್ಬರಾದರು. ಮಂಗಳೂರಿನ ಕಡೆಯ ವಿದ್ವಾಂಸರಾದ ಮರಿಯಪ್ಪ ಭಟ್ಟರು ಕ್ರೈಸ್ತರಲ್ಲ. ಅವರು ಆ ನಿಘಂಟನ್ನು ಎತ್ತಿಕೊಂಡು, ತಿದ್ದಿ, ಹೆಚ್ಚಿಸಿ, ಮದ್ರಾಸ್ ವಿಶ್ವವಿದ್ಯಾನಿಲಯದ ಮೂಲಕ 1968ರಿಂದ 1971ರ ವರೆಗೆ ನಾಲ್ಕು ಸಂಪುಟಗಳಾಗಿ ಹೊರತಂದರು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜು ಇದೆ. ಬೆಂಗಳೂರಿನಲ್ಲಿ ಅವರ ಪ್ರತಿಮೆಯನ್ನು ನಿಲ್ಲಿಸಿದ್ದಾರೆ. ಕನ್ನಡ ಸಾಹಿತ್ಯ ಪರಿಷತ್ತಿನವರು ಹಲವು ವಿದ್ವಾಂಸರನ್ನು ಕೂಡಿಸಿಕೊಂಡು ಕನ್ನಡಕ್ಕೆ ಕನ್ನಡದಲ್ಲಿಯೇ ಅರ್ಥಹೇಳುವ ಎಂಟು ಸಂಪುಟಗಳ ದೊಡ್ಡ ನಿಘಂಟನ್ನು ಮಾಡಿ ಮುಗಿಸಿದ್ದು 1995ರಲ್ಲಿ. ಅದನ್ನು ಬಳಸುವವರು ಈಗಲೂ ಹಳ್ಳಿಯ ಯಾವದಾದರೂ ಮಾತಿನಲ್ಲಿ ಸಂದೇಹ ಬಂದರೆ ಎದ್ದು ಹೋಗಿ ಕಿಟ್ಟೆಲರ ಪುಸ್ತಕವನ್ನೂ ತೆರೆದು ನೋಡುತ್ತಾರೆ.